ಟವಲಿನ ಕೆಳಗಿನ ಮಾತು

ಗುರುಸಿದ್ದಮ್ಮ ಗೇಟಿನ ಹೊರಗೆ ನಿಂತು "ಆಯ್ತಾ ಮೇಡಮ್?" ಎಂದು ಕೂಗಿದಾಗ ಮಾಲಿನಿ ಇನ್ನೂ ನೆರಿಗೆ ಹಿಡಿಯುತ್ತಿದ್ದಳು. ಇದು ಎರಡನೆಯ ಸೀರೆ. ಮೊದಲು ಉಟ್ಟದ್ದು ನೀಲಿ. ಉಟ್ಟು, ಸೆರಗಿಗೆ ಪಿನ್ನು ಚುಚ್ಚಿ, ಕನ್ನಡಿಯ ಮುಂದೆ ನಿಂತವಳು ಸರಕ್ಕನೆ ಅದನ್ನು ಬಿಚ್ಚಿ ಮಂಚದ ಮೇಲೆ ಎಸೆದಿದ್ದಳು. ಅರಸೀಕೆರೆಯಲ್ಲಿ ನೀಲಿ ಸೀರೆ ಉಡದ ಹೆಂಗಸು ಯಾರಿದ್ದಾರೆ? ಸಂತೆಯಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರವೂ ನೀಲಿಯೇ. ಆದರೆ ಇವತ್ತಿನ ಸಭೆಗೆ ನೀಲಿ ಬೇಡ. ಯಾಕೆ ಬೇಡ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಬೆಳಗಿನ ಬಸ್ಸಿಗೇ ಬೇಲೂರಿನ ಬ್ಯಾಂಕಿಗೆ ಹೊರಟುಹೋಗಿದ್ದ. ತನ್ನನ್ನು ತಾನು ಕೇಳಿಕೊಳ್ಳುವಷ್ಟು ಪುರುಸೊತ್ತು ತನಗಿಲ್ಲ ಎಂದು ಅವಳು ತೀರ್ಮಾನಿಸಿದಳು. ಬೂದು ಬಣ್ಣದ್ದು ಒಳ್ಳೆಯದು. ಬೂದು ಬಣ್ಣ ಯಾರ ಪರವಾಗಿಯೂ ಮಾತಾಡುವುದಿಲ್ಲ.

"ಬಂದೆ, ಬಂದೆ" ಎನ್ನುತ್ತ ನಡುಮನೆಗೆ ಬಂದರೆ ಷೋಕೇಸಿನೊಳಗೆ ಬುದ್ಧ ಕಣ್ಣುಮುಚ್ಚಿ ಕೂತಿದ್ದ. ಈ ಬುದ್ಧನಿಂದ ಅವಳಿಗೆ ಇದುವರೆಗೆ ಯಾವ ತೊಂದರೆಯೂ ಆಗಿರಲಿಲ್ಲ. ಬಡಾವಣೆಯ ಅರ್ಧಕ್ಕರ್ಧ ಮನೆಗಳಲ್ಲಿ ಈಗ ಬುದ್ಧ ಬಂದು ಕೂತಿದ್ದಾನೆ. ಕೆಲವರ ಮನೆಯಲ್ಲಿ ಅವನ ತಲೆಯ ಮೇಲೆ ಸಣ್ಣಗೆ ನೀರು ಬೀಳುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ. ಗೃಹಪ್ರವೇಶದ ದಿನ ಗುರುಸಿದ್ದಮ್ಮ "ಎಷ್ಟ್ ಮುದ್ದಾಗೈತೆ, ಎಲ್ ತಗಂಡ್ರಿ, ಹಾಸನದಲ್ಲಾ?" ಎಂದು ಕೇಳಿದ್ದಳು. ಅದು ಅಪ್ಪನದು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಕರಿಯಯ್ಯ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ನಾಗಪುರದಿಂದ ಹಳೇ ಪಂಚೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ತಂದದ್ದು. "ಹೂಂ, ಹಾಸನದಲ್ಲೇ" ಎಂದಿದ್ದಳು ಮಾಲಿನಿ.

ಇವತ್ತು ನಾಗರಿಕರ ಬಳಗದ ಕೊನೆಯ ಸಭೆ. ಊರಿನವರನ್ನು ಕೇಳದೆ ಏನೂ ಮಾಡಬಾರದು ಎಂದು ನಗರಸಭೆ ಈ ಸಲ ಹೊಸದೊಂದು ಪದ್ಧತಿ ತಂದಿತ್ತು. ಮತದಾರರೊಳಗಿಂದ ಚೀಟಿ ಎತ್ತಿ ಕೆಲವರನ್ನು ಆರಿಸುವುದು, ಅವರಿಗೆ ವಿಷಯ ತಿಳಿಸಿ, ಜಾಗ ತೋರಿಸಿ, ಒಂದು ಕಡೆ ಕೂರಿಸಿ ಮಾತಾಡಿಸುವುದು, ಅವರು ಏನು ಹೇಳುತ್ತಾರೋ ಹಾಗೆ ನಡೆಯುವುದು. ಕೇಳಿದ ವಿಷಯ ಹಸಿ ಕಸ. ಮನೆಮನೆಯ ಹಸಿ ಕಸವನ್ನು ಕೊಳೆಸಿ ಗೊಬ್ಬರ ಮಾಡುವ ಶೆಡ್ಡು ಎಲ್ಲಿ ಬರಬೇಕು? ಜಾಗ ಎರಡಿದ್ದವು. ಒಂದು, ಮಾಲಿನಿಯ ಬಡಾವಣೆಯ ಪಕ್ಕದಲ್ಲಿ, ಹಳೇ ಕೊಬ್ಬರಿ ಗೋದಾಮಿನ ಹಿಂದಿನ ಬಯಲು. ಇನ್ನೊಂದು, ರೈಲ್ವೆ ಗೇಟಿನಾಚೆ, ಕಾಲೋನಿಗೆ ಅಂಟಿಕೊಂಡ ತಗ್ಗು. ಅಲ್ಲಿ ಹೇಗೂ ಯಾರ್ಯಾರೋ ಕದ್ದುಮುಚ್ಚಿ ತಂದು ಸುರಿಯುವ ಕಸ ಬೀಳುತ್ತಲೇ ಇತ್ತು. ಆ ಕಾಲೋನಿಯ ನಲ್ಲಿಯ ಎದುರಿಗೆ ಮಾಲಿನಿ ಹುಟ್ಟಿದ ಮನೆಯಿತ್ತು. ಅವಳ ತಾಯಿ ರುದ್ರಮ್ಮ, ತಮ್ಮನ ಸಂಸಾರದ ಜೊತೆ, ಈಗಲೂ ಅಲ್ಲೇ ಇದ್ದಳು. ಬಳಗದ ಉಳಿದವರಿಗೆ ಇದು ಗೊತ್ತಿರಲಿಲ್ಲ.

ಮುಚ್ಚಿಟ್ಟಳು ಎಂದು ಯಾರೂ ಹೇಳುವಂತಿರಲಿಲ್ಲ. ಹಾಸನದ ಬುದ್ಧನೊಬ್ಬನನ್ನು ಬಿಟ್ಟರೆ ಅವಳು ಯಾರಿಗೂ ಸುಳ್ಳು ಹೇಳಿದವಳಲ್ಲ. ಹತ್ತಿರದ ಗಂಡಸಿ ಊರಿನ ಪಿಯು ಕಾಲೇಜಿನಲ್ಲಿ ಅವಳು ಅರ್ಥಶಾಸ್ತ್ರ ಹೇಳುತ್ತಾಳೆ. ಅಲ್ಲಿ ಸ್ಟಾಫ್ ರೂಮಿಗೆ ಎಲ್ಲ ಗೊತ್ತು. ಬಡಾವಣೆಯಲ್ಲಿ ಯಾರೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಅಷ್ಟೇ. ಅವರು ಕೇಳದೇ ಇರಲೆಂದು ಅವಳೇ ಎಷ್ಟು ಕಷ್ಟಪಟ್ಟಿದ್ದಳು ಎನ್ನುವುದು ಬೇರೆ ಮಾತು. ಭಾನುವಾರ ಅವ್ವನನ್ನು ನೋಡಲು ಹೋಗುವಾಗ ಆಟೋವನ್ನು ಗೇಟಿನ ಈಚೆಗೇ ಬಿಟ್ಟು ನಡೆದುಹೋಗುವುದು, ಅವ್ವ ಈಕಡೆ ಬರುತ್ತೇನೆಂದಾಗ "ನೀನ್ಯಾಕ್ ಸುಮ್ನೆ ಬಿಸಿಲಲ್ಲಿ ಬತ್ತೀಯ, ನಾನೇ ಬತ್ತೀನಿ ಇರು" ಎನ್ನುವುದು, ಇದೆಲ್ಲ ಎಷ್ಟು ಅಭ್ಯಾಸವಾಗಿತ್ತೆಂದರೆ ಅವಳಿಗೆ ಅದು ಪ್ರೀತಿಯಂತೆಯೇ ಕಾಣುತ್ತಿತ್ತು.

ಆಟೋದಲ್ಲಿ ಗುರುಸಿದ್ದಮ್ಮ ಮೊಬೈಲು ತೆಗೆದು ಕನ್ನಡಕ ಏರಿಸಿಕೊಂಡಳು. ಕೊಬ್ಬರಿ ಮಂಡಿಯವರ ಮನೆ ಹೆಂಗಸು, ಅರವತ್ತು ದಾಟಿದ ಮೇಲೂ ಕುತೂಹಲ ಇಂಗಿರಲಿಲ್ಲ. "ನಮ್ ಲೇಔಟ್ ಗ್ರೂಪಲ್ಲಿ ಏನ್ ಹಾಕವ್ರೆ ನೋಡುದ್ರಾ? ನಮ್ಮ ಇಬ್ಬರು ಪ್ರತಿನಿಧಿಗಳ ಮೇಲೆ ನಮಗೆ ಪೂರ್ಣ ನಂಬಿಕೆ ಇದೆಯಂತೆ. ಮುಂದ್ಗಡೆ ಬರೀ ಕೈ ಮುಗಿಯೋ ಗೊಂಬೆಗಳು. ಮೊನ್ನೆವರ್ಗೂ ಇವ್ರಿಗೆ ನನ್ ಹೆಸ್ರೂ ಗೊತ್ತಿರ್ಲಿಲ್ಲ ಕಣ್ರೀ."

"ನೋಡಿದೆ" ಎಂದಳು ಮಾಲಿನಿ. ನೋಡಿ ಹೆಬ್ಬೆರಳನ್ನೂ ಒತ್ತಿದ್ದಳು. ನಂಬಿಕೆಗೆ ಹೆಬ್ಬೆರಳು.

"ಏನ್ ಹೇಳ್ಬೇಕು ಅಂತಿದ್ದೀರಿ?"

"ಎಲ್ಲರೂ ಏನ್ ಹೇಳ್ತಾರೋ ನೋಡೋಣ" ಎಂದಳು. ಗುರುಸಿದ್ದಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿತು. ಆ ಕೂಗಿಗೆ ಹೆದರಬೇಕಾದದ್ದು ಏನೂ ಇರಲಿಲ್ಲ, ಹುಟ್ಟಿದಾಗಿನಿಂದ ಕೇಳಿದ ಕೂಗು. ಆದರೂ ಮಾಲಿನಿ ಸೆರಗನ್ನು ಎಳೆದುಕೊಂಡಳು. ಕಳೆದ ವಾರವೂ ಹೀಗೇ ಗಾಡಿಯೊಂದು ಕೂಗಿ ಹೋಗಿ, ಗೇಟು ಮೇಲೆದ್ದು, ನಗರಸಭೆಯ ವ್ಯಾನು ಬಳಗದವರನ್ನೆಲ್ಲ ಕುಲುಕಿಸುತ್ತ ಆಚೆ ದಾಟಿತ್ತು. ಜಾಗ ತೋರಿಸುವ ದಿನ. ಬರುವುದಿಲ್ಲ ಎಂದು ಹೇಳಬಹುದಿತ್ತು, ಜ್ವರ ಎನ್ನಬಹುದಿತ್ತು. ಆದರೆ ತಾನು ಬರದೇ ಹೋದರೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಏಳುತ್ತದೆಂದು, ಆ ಪ್ರಶ್ನೆಗೆ ಹೆದರಿ ಹೋಗಿದ್ದಳು. ಕಿಟಕಿಯ ಪಕ್ಕ ಕೂರದೆ ಒಳಗೆ ಸರಿದು ಕೂತಿದ್ದಳು. ಇಳಿದದ್ದೇ ಎಲ್ಲರೂ ಮೂಗಿಗೆ ಕರ್ಚೀಫು ಹಿಡಿದರು, ಮಾಲಿನಿಯೂ ಹಿಡಿದಳು, ಹಿಡಿದ ಮೇಲೆ ತನಗೆ ಆ ವಾಸನೆ ಅಷ್ಟೇನೂ ತಟ್ಟಿಲ್ಲವೆಂಬುದು ಗೊತ್ತಾಗಿ ಕಿವಿ ಬಿಸಿಯಾಯಿತು. ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.

ಅವ್ವ ನಲ್ಲಿಯ ಹತ್ತಿರವೇ ಇದ್ದಳು. ಬಿಂದಿಗೆ ತುಂಬುತ್ತಿತ್ತು. ತಲೆ ಎತ್ತಿದವಳು ಮಗಳನ್ನು ಕಂಡಳು. ಮುಖ ಅರಳುವುದಕ್ಕೆ ಶುರುವಾದದ್ದನ್ನು ಮಾಲಿನಿ ನೋಡಿದಳು. ನೋಡಿ ಕಣ್ಣು ಕೆಳಗಿಳಿಸಿದಳು. ಅಷ್ಟರಲ್ಲೇ ರುದ್ರಮ್ಮನಿಗೆ ಎಲ್ಲ ತಿಳಿದುಹೋಯಿತು. ಅರಳುತ್ತಿದ್ದ ಮುಖವನ್ನು ಅಲ್ಲಿಗೇ ನಿಲ್ಲಿಸಿ, ಪಕ್ಕದಲ್ಲಿದ್ದ ಗುರುಸಿದ್ದಮ್ಮನ ಕಡೆ ತಿರುಗಿಸಿ, "ಬನ್ನಿ ತಾಯೀ, ಬಿಸ್ಲಲ್ ಬಂದಿದ್ದೀರಿ" ಎಂದಳು. ಒಳಗೆ ಹೋಗಿ ತಟ್ಟೆಯಲ್ಲಿ ಸ್ಟೀಲ್ ಲೋಟಗಳನ್ನಿಟ್ಟು ನೀರು ತಂದಳು. ತೊಳೆದು ಹನಿ ಆರದ ಲೋಟಗಳು. ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಮಾಲಿನಿಯೇ ಕೊಡಿಸಿದ ಲೋಟಗಳು. ಬಳಗದವರು ಒಬ್ಬೊಬ್ಬರಾಗಿ ನಗರಸಭೆ ಕೊಟ್ಟ ಬಾಟಲಿ ಮೇಲೆತ್ತಿ ತೋರಿಸಿ ಐತೆ, ಐತೆ ಎಂದರು. ಯಾರೂ ಕೆಟ್ಟ ಮಾತಾಡಲಿಲ್ಲ, ಎಲ್ಲರೂ ನಕ್ಕೇ ಹೇಳಿದರು. ತಟ್ಟೆ ಮಾಲಿನಿಯ ಮುಂದೆ ಬಂತು. "ನಿಮ್ಗೆ, ಮೇಡಮ್?" ಎಂದಳು ಅವ್ವ. ಮಾಲಿನಿಯ ಕೈಯಲ್ಲಿ ಬಾಟಲಿ ಇರಲಿಲ್ಲ, ವ್ಯಾನಿನಲ್ಲೇ ಬಿಟ್ಟು ಇಳಿದಿದ್ದಳು. "ಈಗ ತಾನೇ ಆಯ್ತು" ಎಂದಳು.

ಈಗ ತಾನೇ ಆಯ್ತು. ಆರನೇ ಕ್ಲಾಸಿನಲ್ಲಿ ಹಳೇಬೀಡಿಗೆ ಟೂರು ಕರೆದುಕೊಂಡು ಹೋಗಿದ್ದರು. ದೇವಸ್ಥಾನದ ಹುಲ್ಲುಹಾಸಿನ ಮೇಲೆ ಮೇಷ್ಟರು ಎಲ್ಲರ ಡಬ್ಬಿ ಬಿಚ್ಚಿಸಿ, ಎಲ್ಲರದೂ ಎಲ್ಲರಿಗೂ ಎಂದು ಉದಾರವಾಗಿ ಸಾರಿದರು. ಒಳ್ಳೆಯ ಮೇಷ್ಟರು. ಮಾಲಿನಿಯ ಡಬ್ಬಿಯಲ್ಲಿ ಅವ್ವ ನಸುಕಿಗೆ ಎದ್ದು ಕಲಸಿದ ಚಿತ್ರಾನ್ನ, ಮೇಲೆ ಧಾರಾಳ ಕಡಲೇಬೀಜ. ಡಬ್ಬಿ ಒಂದೊಂದಾಗಿ ಕೈಯಿಂದ ಕೈಗೆ ಹೋಗುತ್ತಿದ್ದವು. ತನ್ನದು ಯಾರ ಮುಂದೆ ನಿಂತುಬಿಡುತ್ತದೋ ಎಂದು ನೋಡುವ ಧೈರ್ಯ ಸಾಲದೆ ಅವಳು ಡಬ್ಬಿಯನ್ನು ಚೀಲದೊಳಗೇ ಒತ್ತಿಹಿಡಿದು "ನಂದು ಈಗ ತಾನೇ ಆಯ್ತು ಸಾರ್, ಬಸ್ಸಲ್ಲೇ" ಎಂದಿದ್ದಳು. ಬೇರೆಯವರು ಬೇಡ ಅನ್ನುವುದಕ್ಕೆ ಮೊದಲು ತಾನೇ ಬೇಡ ಅಂದುಬಿಟ್ಟರೆ ಅವಮಾನ ಆಗುವುದಿಲ್ಲ ಎಂದು ಅವತ್ತು ಕಲಿತದ್ದು. ಅದನ್ನು ಒಂದು ದಿನ ಅವ್ವನ ಮೇಲೇ ಪ್ರಯೋಗಿಸಬೇಕಾಗುತ್ತದೆಂದು ಯಾರು ಕಂಡಿದ್ದರು.

ಅವತ್ತು ಸಂಜೆ ಅವ್ವನೇ ಫೋನ್ ಮಾಡಿದಳು. ಬೈಯುತ್ತಾಳೆಂದು ಮಾಲಿನಿ ಕಾದಳು. ಬೈದರೆ ಸಾಕೆಂದೂ ಕಾದಳು. "ನಾನು ಮಾತಾಡಿಸ್ನಿಲ್ಲ ಅಂತ ಬೇಜಾರ್ ಮಾಡ್ಕಬ್ಯಾಡ ಕಣವ್ವ" ಎಂದಳು ಅವ್ವ. "ಅಷ್ಟ್ ಜನದ್ ಮುಂದೆ ಯಾಕೆ ಅಂತ ಸುಮ್ಕಾದೆ. ಇಲ್ಲಿ ಎಲ್ಲಾ ಹೆದರ್ಕಂಡವ್ರೆ, ಆ ಶೆಡ್ಡು ಬಂದ್ರೆ ಮಕ್ಕಳುಮರಿ ಹೆಂಗ್ ಬದುಕಾದು ಅಂತ. ನಾನು ಯಾರ್ಗೂ ಏನೂ ಹೇಳ್ನಿಲ್ಲ. ಒಳ್ಗೆ ನನ್ ಮಗಳು ಕುಂತವ್ಳೆ ಅಂತ ನಂಗೊಬ್ಳಿಗೆ ಗೊತ್ತಲ್ಲ, ಅಷ್ಟು ಸಾಕು." ಮಾಲಿನಿ ಹೂಂ ಎಂದಿದ್ದಳು.

ನಗರಸಭೆಯ ಮಹಡಿಯ ಕೋಣೆಯಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ಆರಿಸಿದ ಹೆಂಗಸರಲ್ಲಿ ಉಳಿದವರು ಮಾಲಿನಿ ಮತ್ತು ಗುರುಸಿದ್ದಮ್ಮ ಇಬ್ಬರೇ, ಮಿಕ್ಕವರು ಮನೆಯಲ್ಲಿ ಕೆಲಸ ಎಂದು ಜಾರಿಕೊಂಡಿದ್ದರು. ಸಭೆ ನಡೆಸಲು ಬೆಂಗಳೂರಿನ ಸಂಸ್ಥೆಯೊಂದರಿಂದ ಬಂದಿದ್ದ ದಿವ್ಯಾ ಎಂಬ ಹುಡುಗಿ ಎಲ್ಲರಿಗೂ ನಮಸ್ಕಾರ ಹೇಳಿ, "ಇವತ್ತು ಡಿಸೈಡ್ ಮಾಡ್ಲೇಬೇಕು. ಯಾರೂ ಯಾರಿಗೂ ಹೆದರ್ಬೇಡಿ. ಗೋದಾಮಿನ ಹಿಂದೆ ಅನ್ನೋರು ಕೈ ಎತ್ತಿ" ಎಂದಳು. ಒಂದು ಕೈಯೂ ಏಳಲಿಲ್ಲ. "ಸರಿ, ರೈಲ್ವೆ ಗೇಟಿನಾಚೆ ಅನ್ನೋರು?" ಆಗಲೂ ಏಳಲಿಲ್ಲ. ಬೇಕರಿಯ ಕುಮಾರಸ್ವಾಮಿ ಪಕ್ಕದವನ ಕೈಯನ್ನೇ ನೋಡುತ್ತಿದ್ದ, ಪಕ್ಕದವನು ಇವನ ಕೈಯನ್ನು. ಊರೆಂದರೆ ಹಾಗೆ, ನಾಳೆ ಬೆಳಗಾದರೆ ಅದೇ ಬೇಕರಿ, ಅದೇ ಆಟೋ ಸ್ಟ್ಯಾಂಡು, ಅದೇ ಮುಖಗಳು. ಹಾಗಾದರೆ ಚೀಟಿಯಲ್ಲಿ ಬರೆದುಕೊಡಿ ಎಂದು ದಿವ್ಯಾ ಬಣ್ಣದ ಚೀಟಿಗಳನ್ನು ತೆಗೆದಳು. ಅಕ್ಷರ ಬಾರದ ಒಬ್ಬ ತನ್ನದನ್ನು ಬರೆದುಕೊಡು ಎಂದು ಇನ್ನೊಬ್ಬನ ಕಿವಿಗೆ ಬಾಗಿದ, ಆ ಇನ್ನೊಬ್ಬ ನಂಗ್ಯಾಕಪ್ಪ ನಿನ್ ಪಾಪ ಎಂದು ದೂರ ಸರಿದ, ಕುಮಾರಸ್ವಾಮಿ "ಕೈಬರಹ ಯಾರಿಗ್ ಗೊತ್ತಾಗಲ್ಲ ಮೇಡಮ್, ನಂದು ದಿನಾ ಬೋರ್ಡಲ್ಲೇ ಇರುತ್ತೆ" ಎಂದ. ದಿವ್ಯಾಳ ಮುಖದಲ್ಲಿದ್ದ ನಗು ಬಾಡತೊಡಗಿತು.

ಆಗ ಎದ್ದವನು ಕೆಂಚಪ್ಪ. ಗಂಡಸಿಯ ಕಡೆಯವನು, ದನದ ಜಾತ್ರೆಗಳಲ್ಲಿ ದಲ್ಲಾಳಿಯಾಗಿ ಹೆಸರು ಮಾಡಿದವನು, ಈಗ ಮಂಡಿನೋವಿನಿಂದ ಓಡಾಟ ಬಿಟ್ಟು ಅರಸೀಕೆರೆಯಲ್ಲಿ ನೆಲೆಸಿದ್ದಾನೆ. ಮೀಸೆಗೂ ಮಾತಿಗೂ ಕಪ್ಪು ಹಚ್ಚುವ ಆಸಾಮಿ. ಹೆಗಲ ಮೇಲಿನ ಟವಲನ್ನು ಕೊಡವಿ, "ಇದಕ್ಯಾಕ್ ಇಷ್ಟ್ ಒದ್ದಾಟ?" ಎಂದ. "ಸಾವಿರ ಜನ ಸುತ್ತ ನಿಂತಿರ್ತಾರೆ, ಎತ್ತಿನ ರೇಟು ನಮ್ ಇಬ್ಬರಿಗೆ ಬಿಟ್ಟು ಮೂರ್ನೇಯವನಿಗೆ ಗೊತ್ತಾಗಾಕಿಲ್ಲ. ಟವಲ್ ಕೆಳ್ಗೆ ಕೈ ಕೊಡಿ. ಒಂದು ಬೆರಳು ಹಿಡುದ್ರೆ ಗೋದಾಮು. ಎರಡು ಹಿಡುದ್ರೆ ಗೇಟಿನಾಚೆ. ಎಲ್ಲಾ ಆದ್ಮೇಲೆ ಮೊತ್ತ ಹೇಳ್ತೀನಿ. ಯಾರ್ದು ಏನು ಅನ್ನೋದು ನನ್ ಜೊತೆ ಸುಡುಗಾಡಿಗೆ ಹೋಯ್ತದೆ." ಎಲ್ಲರೂ ನಕ್ಕರು, ಕೋಣೆಯ ಬಿಗಿ ಸಡಿಲವಾಯಿತು. ದಿವ್ಯಾಳಂತೂ ಖುಷಿಯಲ್ಲಿ ಕುಣಿಯುವುದೊಂದು ಬಾಕಿ. "ಸೂಪರ್ ಕೆಂಚಪ್ಪನವರೇ! ಇದು ನಮ್ ರಿಪೋರ್ಟಲ್ಲಿ ಬರ್ಲೇಬೇಕು."

ಮಾಲಿನಿಗೆ ಹೋದ ಜೀವ ಬಂದಂತಾಯಿತು. ಇದಕ್ಕಿಂತ ಒಳ್ಳೆಯದು ಯಾವುದಿದೆ? ಬಾಯಿ ತೆರೆಯಬೇಕಿಲ್ಲ, ಕೈ ಎತ್ತಬೇಕಿಲ್ಲ. ಬಟ್ಟೆಯ ಮರೆಯಲ್ಲಿ ಒಂದು ಬೆರಳು ಹಿಡಿದರೆ ಮುಗಿಯಿತು. ಬಡಾವಣೆಗೂ ಗೊತ್ತಾಗುವುದಿಲ್ಲ, ಗುರುಸಿದ್ದಮ್ಮನಿಗೂ ಗೊತ್ತಾಗುವುದಿಲ್ಲ. ಉಳಿದವರೆಲ್ಲ ಗೇಟಿನಾಚೆಗೇ ಹೇಳುತ್ತಾರೆ, ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಊರು ಯಾವತ್ತೂ ತನ್ನ ಕಸವನ್ನು ಆಚೆಗೇ ತಳ್ಳಿದೆ. ತನ್ನ ಒಂದು ಬೆರಳಿನಿಂದ ಏನೂ ಆಗಲಿಕ್ಕಿಲ್ಲ. ಆದರೆ ನಾಳೆ ಅವ್ವನ ಮುಖ ನೋಡಬಹುದು, ನಾನು ನಿಮ್ಮ ಪರವಾಗಿಯೇ ಇದ್ದೆ ಎನ್ನಬಹುದು, ಅದು ಸತ್ಯವೂ ಆಗಿರುತ್ತದೆ. ಸೆರಗಿನ ಮರೆಯಲ್ಲಿ ತನ್ನ ಎಡಗೈಯ ತೋರುಬೆರಳನ್ನು ಬಲಗೈಯಿಂದ ಹಿಡಿದು ನೋಡಿದಳು. ಇಷ್ಟೇ. ಇಷ್ಟು ಸುಲಭ.

ಕೆಂಚಪ್ಪ ಒಬ್ಬೊಬ್ಬರ ಮುಂದೆಯೂ ನಿಂತ. ಟವಲು ಹರಡುತ್ತಿತ್ತು, ಅದರ ಕೆಳಗೆ ಎರಡು ಕೈಗಳು ಸೇರುತ್ತಿದ್ದವು, ಬಟ್ಟೆ ಸ್ವಲ್ಪ ಅಲುಗುತ್ತಿತ್ತು, ಮೇಲೆ ಎರಡು ಮುಖಗಳು ಏನೂ ಆಗದವರಂತೆ ಫ್ಯಾನು ನೋಡುತ್ತಿದ್ದವು. ಗಂಡಸರ ಸಾಲು ಮುಗಿಯಿತು. ಅವನು ಮಾಲಿನಿಯ ಮುಂದೆ ಬಂದ. ಅವಳು ಕೈ ಮುಂದೆ ಚಾಚಿದಳು. ಕೆಂಚಪ್ಪ ಆ ಕೈಯನ್ನು ನೋಡಿದ. ಟವಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

"ನೀವು ಬಾಯಲ್ಲೇ ಹೇಳ್ಬುಡಿ" ಎಂದ.

"ಯಾಕೆ?" ಎಂದಳು.

"ಅದು ಹಂಗೇ. ಪದ್ಧತಿ."

"ಅಯ್ಯೋ, ಅದೇನ್ ಪದ್ಧತಿ ಕೆಂಚಪ್ಪನವರೇ, ಎಲ್ಲರಿಗೂ ಒಂದೇ ಅಲ್ವಾ?" ಎಂದಳು ದಿವ್ಯಾ. "ಇಲ್ಲ ಮೇಡಮ್ನೋರೇ, ಅದೊಂದು ನನ್ ಕೈಲಾಗಾಕಿಲ್ಲ" ಎಂದು ಅವನು ತಲೆ ಆಡಿಸಿದ. ಚಾಚಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಮಾಲಿನಿಗೆ ತೋಚಲಿಲ್ಲ. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಇವನಿಗೆ ಗೊತ್ತು. ಮೊದಲ ಸಭೆಯ ದಿನ ಚಹಾ ಕುಡಿಯುವಾಗ ಇದೇ ಕೆಂಚಪ್ಪ "ನಿಮ್ ತವರು ಎಲ್ಲಾಯ್ತವ್ವ?" ಎಂದು ಕೇಳಿದ್ದ. ಅರಸೀಕೆರೆಯೇ ಎಂದಿದ್ದಳು. ಅರಸೀಕೆರೇಲಿ ಎಲ್ಲಿ? ಸ್ಟೇಷನ್ ಕಡೆ. "ಓಹೋ" ಎಂದಿದ್ದ, ಲೋಟ ಕೆಳಗಿಟ್ಟು. ಆ ಓಹೋ ಎಷ್ಟು ದಿನದಿಂದ ಅವಳ ಕಿವಿಯಲ್ಲಿ ಕೂತಿತ್ತು! ಗಂಡಸಿಯವನಲ್ಲವೇ, ಕಾಲೇಜಿನಲ್ಲಿ ಯಾರನ್ನೋ ಕೇಳಿದ್ದಾನೆ, ಯಾರೋ ಹೇಳಿದ್ದಾರೆ. ಗೊತ್ತಿದ್ದೇ ಈಗ ಕೈ ಮುಟ್ಟಲೊಲ್ಲ, ಗೊತ್ತಿದ್ದೇ ಎಲ್ಲರೆದುರು ಬಾಯಿ ಬಿಡಿಸುತ್ತಿದ್ದಾನೆ, ಎಲ್ಲಿಯವಳೆಂದು ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಾನೆ. ಗೋದಾಮು ಎಂದುಬಿಟ್ಟರೆ ಕುಮಾರಸ್ವಾಮಿ ಹುಬ್ಬೇರಿಸುತ್ತಾನೆ, ಇವಳ ಮನೆ ಇರುವುದೇ ಗೋದಾಮಿನ ಪಕ್ಕ, ಮತ್ತೆ ಇವಳೇಕೆ ಆಚೆಯವರ ಪರ ಎನ್ನುತ್ತಾನೆ, ಆಗ ಕೆಂಚಪ್ಪ ಇನ್ನೊಂದು ಓಹೋ ಅನ್ನುತ್ತಾನೆ. ನಾನು ಆ ಕಡೆಯವಳಲ್ಲ, ಅಲ್ಲ, ಅಲ್ಲ.

"ಗೇಟಿನಾಚೆ" ಎಂದಳು. ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಬಂತು. "ರೈಲ್ವೆ ಗೇಟಿನಾಚೆನೇ ಆಗ್ಲಿ. ಅಲ್ಲಿ ಹೇಗಿದ್ರೂ ಕಸ ಬೀಳ್ತಾನೇ ಇದೆಯಲ್ಲ." ಕಾರಣವನ್ನು ಯಾರೂ ಕೇಳಿರಲಿಲ್ಲ. ತಾನಾಗಿಯೇ ಕೊಟ್ಟಳು.

ಕೆಂಚಪ್ಪ ಸರಿ ಎಂದು ತಲೆದೂಗಿ ಗುರುಸಿದ್ದಮ್ಮನ ಮುಂದೆ ಹೋಗಿ ನಿಂತ. ಮಾಲಿನಿ ಟವಲನ್ನೇ ನೋಡಿದಳು. ಅದು ಹೆಗಲಿನಿಂದ ಕೆಳಗಿಳಿಯಲಿಲ್ಲ. "ನಿಮ್ದೂ ಬಾಯಲ್ಲೇ ಆಗ್ಲಿ ಅಕ್ಕಾ" ಎಂದ ಅವನು. "ಹೆಣ್ಮಕ್ಕಳ ಕೈಗೆ ಟವಲ್ ಹಾಕ್ಬ್ಯಾಡ ಅಂತ ನಮ್ಮಪ್ಪ ಆಣೆ ಇಡ್ಸವ್ನೆ. ವ್ಯಾಪಾರಕ್ಕೆ ಕುಂತ್ರೂ ಅಷ್ಟೇ, ಹಬ್ಬಕ್ಕೆ ಕುಂತ್ರೂ ಅಷ್ಟೇ. ಬ್ಯಾಸರ ಮಾಡ್ಕಬೇಡಿ."

ಅಷ್ಟೇ. ಅದು ಅಷ್ಟೇ ಆಗಿತ್ತು. ಮಾಲಿನಿ ಇನ್ನೂ ಚಾಚಿಯೇ ಇದ್ದ ಕೈಯನ್ನು ಮಡಿಲಿಗೆ ತಂದುಕೊಂಡಳು. ಗುರುಸಿದ್ದಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಮಾತಾಡುತ್ತಿದ್ದಳು. "ನಂದು ಗೋದಾಮಿನ ಹಿಂದೆ. ನಮ್ಮನೆ ಪಕ್ಕಾನೇ, ಆಗ್ಲಿ. ಲೇಔಟ್ನೋರು ನನ್ನ ಬೈಯ್ತಾರೆ, ಬೈಲಿ. ಅವತ್ತು ಆಯಮ್ಮ ಲೋಟ ತೊಳ್ದು ನೀರ್ ತಂದ್ರೆ ನಾವೆಲ್ಲ ಬಾಟ್ಲಿ ಎತ್ತಿ ತೋರ್ಸುದ್ವಿ. ಮನೆಗ್ ಹೋದ್ಮೇಲೆ ನಂಗೆ ಅನ್ನ ಸೇರ್ಲಿಲ್ಲ ಕಣ್ರೀ. ನಮ್ ಮನೆ ಸಿಪ್ಪೆ ನಮ್ ಮನೆ ಹತ್ರಾನೇ ಕೊಳೀಲಿ." ಕುಮಾರಸ್ವಾಮಿ ತನ್ನ ಚಪ್ಪಲಿ ನೋಡಿಕೊಂಡ. ಕೆಂಚಪ್ಪ ಕೋಣೆಯ ನಡುವೆ ನಿಂತು, ನನ್ನದೂ ಸೇರಿ ಎಂದು ತನ್ನದೇ ಬೆರಳನ್ನು ತಾನೇ ಹಿಡಿದು ತೋರಿಸಿ, ಮೊತ್ತ ಹೇಳಿದ. "ಎಲ್ಲಾರ್ದೂ ಒಂದು ಬೆರಳು. ಗೋದಾಮಿನ ಹಿಂದೆ. ಒಬ್ಬರದ್ ಬಿಟ್ಟು."

ಅವನು ಮಾಲಿನಿಯ ಕಡೆ ನೋಡಲಿಲ್ಲ. ಯಾರೂ ನೋಡಲಿಲ್ಲ. ಊರು ಹೇಗೆಂದು ಇಷ್ಟು ವರ್ಷ ಲೆಕ್ಕ ಹಾಕಿಕೊಂಡು, ಆ ಲೆಕ್ಕದ ಪ್ರಕಾರವೇ ಉಟ್ಟು ತೊಟ್ಟು ಮಾತಾಡಿ ಬದುಕಿದ್ದಳು. ಇವತ್ತು ಒಂದು ದಿನ ಊರು ಆ ಲೆಕ್ಕ ತಪ್ಪಿಸಿತ್ತು, ತಪ್ಪಿಸಿ ಅವಳೊಬ್ಬಳನ್ನೇ ಹಳೇ ಜಾಗದಲ್ಲಿ ಬಿಟ್ಟುಬಿಟ್ಟಿತ್ತು. ದಿವ್ಯಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಡಮ್, ಭಿನ್ನ ಅಭಿಪ್ರಾಯ ಇದ್ರೆ ತಪ್ಪೇನಿಲ್ಲ, ಹಾಗೇ ಬರೀತೀನಿ. ಬದಲಾಯಿಸ್ಬೇಕು ಅನ್ಸಿದ್ರೆ ಈಗ್ಲೇ ಹೇಳ್ಬಿಡಿ, ಒಮ್ಮತ ಅಂತ ಆಗುತ್ತೆ." ದಯೆಯ ಹುಡುಗಿ. ಬಾಗಿಲು ತೆರೆದು ಹಿಡಿದು ನಿಂತಿದ್ದಳು, ಒಳಗೆ ಬರುವುದಷ್ಟೇ ಕೆಲಸ. "ಎಲ್ಲರ ಜೊತೆ ಹಾಕಿ" ಎಂದಳು ಮಾಲಿನಿ. ಒಮ್ಮತದ ತೀರ್ಮಾನ ಎಂದು ದಿವ್ಯಾ ಸಾರಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಅವಳೂ ಹೊಡೆದಳು.

ತೀರ್ಮಾನವನ್ನು ಬಳಗದವರೇ ಹೋಗಿ ಎರಡೂ ಕಡೆಯ ಜನಕ್ಕೆ ಹೇಳಬೇಕೆಂಬುದು ಪದ್ಧತಿಯಂತೆ. ಮೊದಲು ಗೇಟಿನಾಚೆ. ಮಾಲಿನಿ ತಲೆನೋವು ಎಂದಳು. "ಒಳ್ಳೇ ಸುದ್ದಿ ಹೇಳಕ್ ಹೋಗಾಗ ಎಂಥಾ ತಲೆನೋವ್ರೀ, ಬನ್ನಿ" ಎಂದು ಗುರುಸಿದ್ದಮ್ಮ ಕೈ ಹಿಡಿದು ವ್ಯಾನಿಗೆ ಹತ್ತಿಸಿದಳು. ಆ ಕೈ ಬೆಚ್ಚಗಿತ್ತು, ಹಿಡಿತ ಗಟ್ಟಿಯಾಗಿತ್ತು. ಮನಸ್ಸಿನಲ್ಲಿ ಅವಳು ಏನು ಅಂದುಕೊಂಡಿದ್ದಾಳೋ ಮಾಲಿನಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಮಾಲಿನಿ ಬೇಡಿಕೊಂಡದ್ದು ಒಂದೇ: ಅವ್ವ ಮನೆಯಲ್ಲಿ ಇಲ್ಲದಿರಲಿ.

ಬಿಸಿಲು ಇಳಿಯುತ್ತಿತ್ತು. ಕಾಲೋನಿಯವರು ನಲ್ಲಿಯ ಸುತ್ತ ಗುಂಪುಗೂಡಿದರು. ದಿವ್ಯಾ ಹೇಳಿ ಮುಗಿಸಿದ ಮೇಲೂ ಯಾರೂ ನಂಬಿದಂತೆ ಕಾಣಲಿಲ್ಲ. ಗಿಡ್ಡಯ್ಯನೆಂಬ ಮುದುಕ ಮುಂದೆ ಬಂದು "ಇಲ್ಲಿಗ್ ಬರಾಕಿಲ್ವಾ? ನಿಜವಾಗ್ಲೂ?" ಎಂದು ಕೇಳಿ, ಹೌದೆಂದ ಮೇಲೆ ಇನ್ನೊಮ್ಮೆ ಕೇಳಿ, ಆಮೇಲೆ ಬೊಚ್ಚುಬಾಯಲ್ಲಿ ನಕ್ಕ. ಹೆಂಗಸರು ಒಬ್ಬರನ್ನೊಬ್ಬರು ತಟ್ಟಿಕೊಂಡರು. ಆ ಗುಂಪನ್ನು ಸರಿಸಿಕೊಂಡು ರುದ್ರಮ್ಮ ಬಂದಳು. ಮಾಲಿನಿ ಈ ಸಲ ಕಣ್ಣು ಇಳಿಸುವುದರೊಳಗಾಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಾಗಿತ್ತು.

"ಇನ್ ತಡ್ಯಕಾಗಾಕಿಲ್ಲ ಕಣ್ರಪ್ಪಾ, ಹೇಳೇಬುಡ್ತೀನಿ. ಇವಳು ನನ್ ಮಗಳು" ಎಂದಳು. "ನನ್ ಹೊಟ್ಟೇಲ್ ಹುಟ್ಟಿದ್ ಮಗಳು. ಕಾಲೇಜ್ನಾಗೆ ಪಾಠ ಹೇಳ್ತಾಳೆ. ಇವಳು ಒಳ್ಗೆ ಇದ್ದಿದ್ಕೆ ನಮ್ ಕೇರಿ ಉಳೀತು. ನಂಗೊತ್ತಿತ್ತು, ಇವಳು ಬಿಟ್ಕೊಡಾಕಿಲ್ಲ ಅಂತ." ಕಣ್ಣಲ್ಲಿ ನೀರು, ಬಾಯ್ತುಂಬ ನಗು.

ದಿವ್ಯಾ "ಮೇಡಮ್, ನೀವು ಹೇಳ್ಲೇ ಇಲ್ವಲ್ಲ!" ಎಂದು ಉದ್ಗರಿಸಿದಳು. ಎಂದವಳಿಗೆ ಮಧ್ಯಾಹ್ನದ್ದು ನೆನಪಾಗಿ ಮಾತು ಅಲ್ಲೇ ನಿಂತಿತು. ಗುರುಸಿದ್ದಮ್ಮ ಮಾಲಿನಿಯ ಮುಖ ನೋಡಿದಳು, ರುದ್ರಮ್ಮನ ಮುಖ ನೋಡಿದಳು, ಆಮೇಲೆ ನೆಲ ನೋಡತೊಡಗಿದಳು. ಕುಮಾರಸ್ವಾಮಿ ವ್ಯಾನಿನ ಕಡೆ ತಿರುಗಿ ನಿಂತ. ಮಾಲಿನಿ ಇಷ್ಟು ವರ್ಷ ಹೆದರಿದ್ದು ಇದೇ ಗಳಿಗೆಗೆ. ಅದು ಬಂದು ಎದುರಿಗೆ ನಿಂತಾಗ ನೋಡಿದರೆ ಆ ಹೆದರಿಕೆ ಏನೂ ಅಲ್ಲವಾಗಿತ್ತು. ಯಾರ ಮಗಳೆಂದು ಗೊತ್ತಾದದ್ದಕ್ಕೆ ಇವರ್ಯಾರೂ ಮುಖ ತಿರುಗಿಸಿರಲಿಲ್ಲ.

ಕೆಂಚಪ್ಪ ಕೆಮ್ಮಿದ. "ಎಲ್ಲಾರೂ ಒಂದೇ ಮಾತು ಹೇಳುದ್ವಿ ಕಣವ್ವಾ" ಎಂದ ರುದ್ರಮ್ಮನಿಗೆ. "ನಿನ್ ಮಗಳೂ ಅಷ್ಟೇ."

ಅವ್ವ ಮಗಳ ಮುಖವನ್ನು ಹುಡುಕಿದಳು. ಸುತ್ತ ನಿಂತವರು ಬೇರೆಡೆ ನೋಡುವುದನ್ನೂ, ಮಗಳು ತಲೆ ತಗ್ಗಿಸಿದ್ದನ್ನೂ ಕಂಡಳು, ಕಂಡು ತನಗೆ ತಿಳಿದ ಒಂದೇ ಅರ್ಥವನ್ನು ಕಟ್ಟಿಕೊಂಡಳು. ಮುಖದ ಮೇಲಿನ ನಗು ಮೆಲ್ಲಗೆ ಇಂಗಿತು. ಹಿಡಿದಿದ್ದ ಕೈಗಳನ್ನು ಬಿಟ್ಟಳು. ಬಿಡುವ ಮುಂಚೆ ಒಮ್ಮೆ ಸವರಿದಳು. ಒಂದು ಹೆಜ್ಜೆ ಹಿಂದೆ ಸರಿದು ದಿವ್ಯಾಳ ಕಡೆ ತಿರುಗಿ, "ತೆಪ್ ತಿಳ್ಕಬ್ಯಾಡಿ ಮೇಡಮ್ನೋರೇ" ಎಂದಳು. "ನನ್ ಮಗಳ ಥರಾನೇ ಅವ್ರೆ ಅಂತಂದೆ. ವಯಸ್ಸಾತು ನೋಡಿ, ಸಂತೋಸಕ್ಕೆ ಏನೋ ಅಂದ್ಬುಟ್ಟೆ. ಇಂಥೋರು ನಮ್ ಮಕ್ಕಳಾಯ್ತಾರಾ?" ಎಂದು ನಗಲು ನೋಡಿದಳು. ಕಾಲೋನಿಯವರೆಲ್ಲ ಮಾಲಿನಿಯನ್ನು ಹುಟ್ಟಿದಾಗಿನಿಂದ ಬಲ್ಲವರು. ಅವರೂ ಬಾಯಿಗೆ ಬೀಗ ಹಾಕಿಕೊಂಡು ನಿಂತರು. ಗಿಡ್ಡಯ್ಯ ಬೇರೆ ಕಡೆ ನೋಡಿದ.

"ಅವ್ವಾ" ಎಂದಳು ಮಾಲಿನಿ.

ರುದ್ರಮ್ಮ ಬೇಡ ಎನ್ನುವಂತೆ ಸಣ್ಣಗೆ ತಲೆ ಆಡಿಸಿದಳು. "ಹೋಗ್ಬನ್ನಿ ಮೇಡಮ್, ಹೊತ್ತಾಯ್ತದೆ" ಎಂದಳು.

"ಅವ್ವಾ, ನಾನು ಇಲ್ಲಿಗೇ ಹಾಕಿ ಅಂದೆ. ಇವರ್ಯಾರೂ ಅನ್ಲಿಲ್ಲ. ನಾನೊಬ್ಳೇ ಅಂದೆ."

ರುದ್ರಮ್ಮನಿಗೆ ಅರ್ಥವಾಗಲಿಲ್ಲ. ಮಗಳನ್ನು ನೋಡಿದಳು. ಗುರುಸಿದ್ದಮ್ಮನನ್ನು ನೋಡಿದಳು, ಅವಳು ತಲೆ ಎತ್ತಲಿಲ್ಲ. ಕೊನೆಗೆ, ಈಗ ತಾನೇ ನಿನ್ನ ಮಗಳೂ ಅಷ್ಟೇ ಎಂದಿದ್ದ ಕೆಂಚಪ್ಪನ ಕಡೆ ತಿರುಗಿ, ಹೌದಾ ಎಂದು ಕೇಳುವಂತೆ ನೋಡಿದಳು. ಕೆಂಚಪ್ಪ ಇಲ್ಲ ಅನ್ನಲಿಲ್ಲ.